ಸಿಬಿಲ್ ಅಂಕ ಏರುವುದೇಕೆ, ಇಳಿಯುವುದೇಕೆ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಶಿಕ್ಷಣ ಶಿಬಿರದಲ್ಲಿ ಸಂಘದ ನಿವೃತ್ತ ಕಾರ್ಯದರ್ಶಿಗಳು ಮಾಡಿದ ಭಾಷಣ)



ಅಧ್ಯಕ್ಷರು ನಮ್ಮನ್ನು ಕರೆದು, ಸಂಘದ ಇಪ್ಪತ್ತೈದು ವರ್ಷದ ಇತಿಹಾಸ ಹೇಳಿಬಿಡಿ ಅಂದರು. ಇತಿಹಾಸ ಹೇಗೂ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುತ್ತದೆ, ನಮಗೆ ಬೇರೆ ವಿಷಯ ಕೊಡಿ ಅಂತ ನಾವೇ ಕೇಳಿಕೊಂಡೆವು. ಕಾರಣ ಇಷ್ಟೆ. ಕೆಲಸದಿಂದ ನಿವೃತ್ತರಾದರೂ ಬೆಳಗಾದರೆ ನಮ್ಮ ಮನೆ ಜಗಲಿಗೆ ಯಾರಾದರೊಬ್ಬರು ಬಂದು ಕೂರುತ್ತಾರೆ. ಹಿಂದೆ ಗೊಬ್ಬರ ಬಂತಾ, ಬೆಳೆಸಾಲ ಯಾವಾಗ ಅಂತ ಕೇಳುತ್ತಿದ್ದರು. ಈಗ ಕೇಳುವುದು ಒಂದೇ: "ಸಾರ್, ನಮ್ಮ ಸಿಬಿಲ್ ಬಿದ್ದೋಗಿದೆಯಂತೆ, ಎತ್ತೋದು ಹೆಂಗೆ?" ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಹಾಕಿ ಎತ್ತುವ ಹಾಗೆ ಕೇಳುತ್ತಾರೆ!

ಈ ಸಿಬಿಲ್ ಎಂಬುದಕ್ಕೂ ನಮ್ಮ ಸಂಘಕ್ಕೂ ಒಂದೇ ಪ್ರಾಯ. ಮುಂಬಯಿಯಲ್ಲಿ ಆ ಕಂಪನಿ ಸ್ಥಾಪನೆಯಾದದ್ದು 2000ದಲ್ಲಿ. ಸಾಲ ಕೊಡುವವರೆಲ್ಲ ತಮ್ಮ ಗಿರಾಕಿಗಳ ಲೆಕ್ಕವನ್ನು ಒಂದು ಕಡೆ ಒಪ್ಪಿಸಬೇಕು, ಸಾಲ ಕೊಡುವ ಮುಂಚೆ ಅಲ್ಲಿ ನೋಡಿಕೊಳ್ಳಬೇಕು ಎಂಬ ಏರ್ಪಾಡು ಅದು. 2005ರಲ್ಲಿ ಇದಕ್ಕೆಂದೇ ಕೇಂದ್ರ ಸರ್ಕಾರದ ಕಾಯಿದೆ ಬಂತು. ಈಗ ಇಂಥ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಆದರೂ ವನಸ್ಪತಿಗೆಲ್ಲ ಡಾಲ್ಡಾ ಅನ್ನುತ್ತಿದ್ದ ಹಾಗೆ ಜನ ಎಲ್ಲದಕ್ಕೂ ಸಿಬಿಲ್ ಅನ್ನುತ್ತಾರೆ. ನಾವೂ ಹಾಗೇ ಅನ್ನೋಣ. ಅಂಕ 300ರಿಂದ 900ರವರೆಗೆ. 750ರ ಮೇಲಿದ್ದರೆ ಸಾಮಾನ್ಯವಾಗಿ ಮ್ಯಾನೇಜರು ಕೂರಲು ಹೇಳುತ್ತಾರೆ. 600ರ ಆಸುಪಾಸಿನಲ್ಲಿದ್ದರೆ ನಿಂತಿದ್ದ ಹಾಗೇ ಮಾತು ಮುಗಿಯುತ್ತದೆ.

ನಮ್ಮ ಕಾಲದಲ್ಲಿ ಇದು ಇರಲಿಲ್ಲವೇ? ಬೇರೆ ರೂಪದಲ್ಲಿತ್ತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಯಾರ ಕೈಯಲ್ಲಿ ಕಂಪ್ಯೂಟರ್ ಇತ್ತು? 1904ರ ಕಾಯಿದೆ ಪ್ರಕಾರ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆ ಅಪರಿಮಿತ. ಅಂದರೆ ಒಬ್ಬ ಮುಳುಗಿಸಿದರೆ ಮಿಕ್ಕವರ ಮನೆಗೂ ಬರುತ್ತದೆ. ಅದಕ್ಕೇ ಸಾಲ ಕೇಳಿದವನು ಕುಡಿಯುತ್ತಾನೋ ದುಡಿಯುತ್ತಾನೋ, ಪಕ್ಕದ ಮನೆಯವರೇ ಹೇಳುತ್ತಿದ್ದರು. ನಾವು ಕಾರ್ಯದರ್ಶಿಯಾಗಿದ್ದಾಗಲೂ ಸಾಲದ ಅರ್ಜಿ ಬಂದರೆ ನಿರ್ದೇಶಕರು ಪಹಣಿ ನೋಡುವ ಮುಂಚೆ ಮುಖ ನೋಡುತ್ತಿದ್ದರು. ಮಳೆ ಹೋಯಿತು, ಹೆಂಡತಿಗೆ ಆಪರೇಷನ್ ಆಯಿತು, ಈ ಸಾರಿ ತಡ ಆಗಿದೆ, ಆದರೆ ಮನುಷ್ಯ ಒಳ್ಳೆಯವನು ಎಂಬ ಮಾತಿಗೆ ಆ ಕೋಣೆಯಲ್ಲಿ ಬೆಲೆ ಇತ್ತು.

ಸಿಬಿಲ್‌ಗೆ ಆ ಮಾತು ಕೇಳಿಸುವುದಿಲ್ಲ. ಮೊದಲು ಇದನ್ನು ತಿಳಿದುಕೊಳ್ಳಿ. ಅದರ ವರದಿಯಲ್ಲಿ ನಿಮ್ಮ ಎಕರೆ ಇಲ್ಲ, ಬಂಗಾರ ಇಲ್ಲ, ಉಳಿತಾಯ ಖಾತೆಯಲ್ಲಿ ಎಷ್ಟಿದೆ ಅನ್ನುವುದಿಲ್ಲ, ನೀವು ಎಂಥವರು ಅನ್ನುವುದಂತೂ ಇಲ್ಲವೇ ಇಲ್ಲ. ಯಾರ ಹತ್ತಿರ ಎಷ್ಟು ಸಾಲ, ಯಾವಾಗ ತೆಗೆದದ್ದು, ಕಂತು ತಾರೀಕಿಗೆ ಬಂತೋ, ತಡವಾದರೆ ಎಷ್ಟು ದಿನ ತಡ, ಇಷ್ಟೇ ಅದರ ಹೂರಣ. ನೀರಾವರಿ ಜಮೀನು ಹತ್ತು ಎಕರೆ ಇದ್ದವರ ಅಂಕ 610, ಗುಂಪಿನಲ್ಲಿ ಸಾಲ ಎತ್ತಿ ತಪ್ಪದೆ ತೀರಿಸಿದ ಕೂಲಿ ಹೆಣ್ಣುಮಗಳ ಅಂಕ 760, ಎರಡನ್ನೂ ನಾವು ಕಣ್ಣಾರೆ ನೋಡಿದ್ದೇವೆ. ಗೌಡರಿಗೆ ಅವಮಾನವಾದ ಹಾಗಾಯಿತು. ಅವಮಾನ ಏನೂ ಇಲ್ಲ, ತಾರೀಕು ತಪ್ಪಿದೆ, ಅಷ್ಟೆ.

ತಾರೀಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರೈತನಿಗೆ ಕಂತು ಬರುವುದು ತಿಂಗಳಿಗೊಂದು, ದುಡ್ಡು ಬರುವುದು ಫಸಲಿಗೊಂದು. ನಮ್ಮ ಸದಸ್ಯರ ಮಗನೊಬ್ಬ ಕಂತಿನಲ್ಲಿ ಮೋಟಾರ್ ಬೈಕು ತೆಗೆದುಕೊಂಡ. ಪ್ರತಿ ತಿಂಗಳು 5ನೇ ತಾರೀಕು ಖಾತೆಯಿಂದ ಹಣ ಹೋಗಬೇಕು. ಕಬ್ಬು ಕಡಿದು ಸಾಗಿಸಿದ 14 ದಿನದಲ್ಲಿ ಬಿಲ್ಲು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ನಮ್ಮ ಅನುಭವ ಏನು ಅಂತ ನಿಮಗೆ ನಾವು ಹೇಳಬೇಕಿಲ್ಲ. ಐದು ಕಂತು ನಿಂತವು. ಬಿಲ್ಲು ಬಂದ ದಿನ ಹುಡುಗ ಐದನ್ನೂ ದಂಡಬಡ್ಡಿ ಸಮೇತ ಒಟ್ಟಿಗೆ ಕಟ್ಟಿ, ರಸೀತಿ ಜೇಬಿಗಿಟ್ಟುಕೊಂಡು ಬಂದ. ಒಂದು ಪೈಸೆ ಬಾಕಿ ಇಲ್ಲ. ಆದರೆ ವರದಿಯಲ್ಲಿ ತಿಂಗಳಿಗೊಂದು ಮನೆ ಇರುತ್ತದೆ, ಚೌಕಾಬಾರದ ಮನೆಗಳ ಹಾಗೆ. ಒಂದು ಮನೆಯಲ್ಲಿ 30, ಮುಂದಿನದರಲ್ಲಿ 60, ಆಮೇಲೆ 90, ಅದರಾಚೆಗೆ 120. ಅಷ್ಟು ದಿನ ಸುಸ್ತಿ ಅಂತ ಅರ್ಥ. ಹಣ ಕಟ್ಟಿದ ಮೇಲೆ ಮುಂದಿನ ಮನೆಯಲ್ಲಿ ಸೊನ್ನೆ ಬಂತೇ ಹೊರತು ಹಿಂದಿನ ಮನೆಗಳು ಅಳಿಸಲಿಲ್ಲ. ಕಂತಿನ ಸಾಲದಲ್ಲಿ 90 ದಿನ ದಾಟಿದರೆ ಬ್ಯಾಂಕಿನವರ ಲೆಕ್ಕದಲ್ಲಿ ಅದು ಕೆಟ್ಟ ಸಾಲ. ಸಿಬಿಲ್ ವರದಿಯಲ್ಲಿ 36 ತಿಂಗಳ ಮನೆಗಳು ಕಾಣುತ್ತಿರುತ್ತವೆ. ಹುಡುಗ ನಮ್ಮನ್ನು ಕೇಳಿದ: "ಬಡ್ಡಿಗೆ ಬಡ್ಡಿ ಕೊಟ್ಟೆನಲ್ಲ ಸಾರ್, ಇನ್ನೇನು ತಪ್ಪು?" ಬಡ್ಡಿ ತೆಗೆದುಕೊಂಡವನಿಗೆ ಸಂತೋಷ, ಬರೆದುಕೊಂಡವನಿಗೆ ತಾರೀಕು.

ಅದಕ್ಕೆ ನಾವು ಹೇಳುವುದು, ಸಾಲ ತೆಗೆಯುವ ದಿನವೇ ಬಾಯಿ ಬಿಟ್ಟು ಕೇಳಿ: ಕಂತು ಆರು ತಿಂಗಳಿಗೊಂದು ಮಾಡಿ, ನಮ್ಮ ಫಸಲಿನ ಕಾಲಕ್ಕೆ ಹೊಂದಿಸಿ ಅಂತ. ಟ್ರ್ಯಾಕ್ಟರ್ ಸಾಲಕ್ಕೆ ಹಾಗೆ ಮಾಡಿಕೊಡುವುದುಂಟು. ಆಗದಿದ್ದರೆ ಎರಡು ತಿಂಗಳ ಕಂತಿನಷ್ಟು ಹಣ ಆ ಖಾತೆಯಲ್ಲಿ ಬಿಟ್ಟಿರಿ, ಮುಟ್ಟಬೇಡಿ. ಡೇರಿ ಬಟವಾಡೆ ಎರಡು ದಿನ ತಡವಾದ ಮಾತ್ರಕ್ಕೆ ಕಂತು ತಪ್ಪಿಸಿಕೊಂಡವರು ನಮ್ಮೂರಲ್ಲೇ ಎಷ್ಟು ಜನ ಬೇಕು?

ಬೆಳೆಸಾಲದಲ್ಲಿ ಈ ಶಿಸ್ತು ನಮ್ಮವರಿಗೆ ಹೊಸದಲ್ಲ. ರಾಜ್ಯ ಸರ್ಕಾರದ ಶೂನ್ಯ ಬಡ್ಡಿ ಸಾಲದ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಆ ಸೊನ್ನೆ. ಗಡುವು ಹತ್ತಿರ ಬಂದಾಗ ಕೌಂಟರಿನ ಮುಂದೆ ಸಾಲು ನಿಲ್ಲುವುದನ್ನು ನಾವು ನೋಡಿಲ್ಲವೇ! ಅದೇ ಅವಸರ ಬೈಕಿನ ಕಂತಿಗೂ ಇರಲಿ. ಇನ್ನೊಂದು ಮಾತು, ಕೆಲವರಿಗೆ ಕಹಿಯಾದೀತು. 2017ರಲ್ಲಿ, 2018ರಲ್ಲಿ ಸಾಲ ಮನ್ನಾ ಬಂದಾಗ, ಮನ್ನಾ ಆಗುತ್ತದಂತೆ, ಕಟ್ಟಬೇಡಿ ಅಂತ ಅರಳಿಕಟ್ಟೆಯಲ್ಲಿ ಬುದ್ಧಿ ಹೇಳಿದವರಿದ್ದರು. ಅವರ ಮಾತು ಕೇಳಿ, ಮನ್ನಾಕ್ಕೆ ಸಂಬಂಧವೇ ಇಲ್ಲದ ಸಾಲವನ್ನೂ ನಿಲ್ಲಿಸಿದವರಿದ್ದರು. ಮನ್ನಾ ಹಣ ಬರಬಹುದು, ಬರಲಿ. ಸುಸ್ತಿ ಬಿದ್ದ ಮನೆಗಳನ್ನು ಅದು ತುಂಬಿಕೊಡುವುದಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ಇದನ್ನು ಹೇಳಲಿಕ್ಕೇ ನಾವು ಈ ವಿಷಯ ಆರಿಸಿಕೊಂಡದ್ದು.

ನಮ್ಮ ಸಂಘದ ಸದಸ್ಯೆಯೊಬ್ಬರು. ಹೆಸರು ಬೇಡ. ಆದರೆ ಕಥೆ ಹೇಳಿ, ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಅವರೇ ಅಂದಿದ್ದಾರೆ. 2016ರಲ್ಲಿ ಅವರ ಯಜಮಾನರು ಒಂದು ಖಾಸಗಿ ಫೈನಾನ್ಸಿನಿಂದ ಸಾಲ ಮಾಡಿ ಗೂಡ್ಸ್ ಆಟೋ ತೆಗೆದರು. ಸಹಸಾಲಗಾರರು ಅಂತ ಆ ತಾಯಿಯ ಸಹಿಯೂ ಇತ್ತು. 2018ರಲ್ಲಿ ಯಜಮಾನರು ತೀರಿಕೊಂಡರು. ಗಾಡಿ ನಿಂತಿತು, ಕಂತೂ ನಿಂತಿತು. ಮರುವರ್ಷ ಫೈನಾನ್ಸಿನವರು ಬಂದು, ಒಟ್ಟು ಬಾಕಿ 1,40,000 ಇದೆ, ಒಂದೇ ಸಲ 90,000 ಕಟ್ಟಿಬಿಡಿ, ಉಳಿದದ್ದು ಬಿಡುತ್ತೇವೆ ಅಂದರು. ಆ ತಾಯಿ ಕಾಗದ ಹಿಡಿದುಕೊಂಡು ನಮ್ಮ ಕಚೇರಿಗೆ ಬಂದರು. "ಅಣ್ಣಾ, ಏನ್ ಮಾಡ್ಲಿ?" ಅಂದರು. ನಾವು ಕನ್ನಡಕ ಏರಿಸಿಕೊಂಡು ಓದಿ, "ಐವತ್ತು ಸಾವಿರ ಉಳೀತದೆ ತಾಯಿ, ಯೋಚನೆ ಮಾಡಬೇಡಿ, ಕಟ್ಟಿಬಿಡಿ" ಅಂದೆವು. ಎರಡು ಹಸು ಮಾರಿ ಕಟ್ಟಿದರು. ಅವರು ಕೊಟ್ಟ ಕಾಗದವನ್ನು ನಾವೇ ಫೈಲಿಗೆ ಹಾಕಿಕೊಟ್ಟೆವು. ಒಳ್ಳೇ ಕೆಲಸ ಮಾಡಿದೆವು ಅಂತ ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆವು.

2024ರಲ್ಲಿ ಅವರ ಮಗ ಡಿಗ್ರಿ ಮುಗಿಸಿ ಬಂದು, ಪಟ್ಟಣ ಬೇಡ, ಇಲ್ಲೇ ಕೊಟ್ಟಿಗೆ ಕಟ್ಟಿ ಐದು ಹಸು ಸಾಕುತ್ತೇನೆ ಅಂದ. ಜಮೀನು ತಾಯಿ ಹೆಸರಲ್ಲಿತ್ತು, ಅರ್ಜಿಯೂ ತಾಯಿ ಹೆಸರಲ್ಲೇ ಹೋಯಿತು. ಬ್ಯಾಂಕಿನವರು ಕಂಪ್ಯೂಟರ್ ನೋಡಿ ಆಗಲ್ಲಮ್ಮ ಅಂದರು. ವರದಿಯಲ್ಲಿ ಆ ಹಳೇ ಸಾಲದ ಮುಂದೆ 'ಸೆಟಲ್ಡ್' ಅಂತ ಬರೆದಿತ್ತು. ತೀರಿತು ಅಂತ ಬರೆದಿದ್ದಾರಲ್ಲ ಸ್ವಾಮಿ ಅಂತ ನಾವೂ ಜೊತೆಗೆ ಹೋಗಿ ವಾದ ಮಾಡಿದೆವು. ಆಗ ಆ ಮ್ಯಾನೇಜರು ತಾಳ್ಮೆಯಿಂದ ವಿವರಿಸಿದರು. 'ಕ್ಲೋಸ್ಡ್' ಅಂದರೆ ಪೂರ್ತಿ ಕಟ್ಟಿ ಮುಗಿಸಿದ್ದು. 'ಸೆಟಲ್ಡ್' ಅಂದರೆ ಸಾಲ ಕೊಟ್ಟವನು ನಷ್ಟ ಹೊತ್ತುಕೊಂಡು ಕೈತೊಳೆದುಕೊಂಡದ್ದು. 'ರಿಟನ್ ಆಫ್' ಅಂದರೆ ಬರುವುದಿಲ್ಲವೆಂದು ಲೆಕ್ಕದಿಂದ ತೆಗೆದದ್ದು. ಅದು ಇನ್ನೂ ಕೆಟ್ಟದ್ದು. ಮೂವತ್ತು ವರ್ಷ ಲೆಡ್ಜರ್ ಬರೆದ ನಮಗೆ ಈ ಎರಡು ಪದದ ವ್ಯತ್ಯಾಸ ಗೊತ್ತಿರಲಿಲ್ಲ. ಆ ತಾಯಿ ಅಂದು ಎರಡು ಹಸು ಮಾರಿ ಸಾಲ ತೀರಿಸಿದ್ದು ಸುಳ್ಳಲ್ಲ. ಆದರೆ ಅದೇ ಕಾಗದ ಇಂದು ಐದು ಹಸುವಿಗೆ ಅಡ್ಡ ನಿಂತಿತ್ತು, ಅದನ್ನು ಕಟ್ಟಿಸಿದ್ದು ನಮ್ಮ ಬುದ್ಧಿವಾದ. ಬ್ಯಾಂಕಿನಿಂದ ಬಸ್ಸಿನಲ್ಲಿ ವಾಪಸು ಬರುವಾಗ ಅವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಡೆದದ್ದು ಹೇಳುತ್ತೇವೆ, ಉಪಯೋಗಕ್ಕೆ ಬರುತ್ತದೆ. ಉಳಿದ 50,000 ಕಟ್ಟಿದರೆ ಖಾತೆಯನ್ನು ಪೂರ್ತಿ ಮುಗಿದದ್ದು ಅಂತ ಬದಲಾಯಿಸಿ ಕೊಡುತ್ತೀರಾ ಎಂದು ಫೈನಾನ್ಸಿಗೆ ಬರವಣಿಗೆಯಲ್ಲಿ ಕೇಳಿದೆವು. ಬಾಯಿಮಾತಲ್ಲ, ಬರವಣಿಗೆ. ಒಪ್ಪಿ ಉತ್ತರ ಬಂದ ಮೇಲೆಯೇ ಹಾಲಿನ ದುಡ್ಡಿನಲ್ಲಿ, ಗುಂಪಿನ ಸಾಲದಲ್ಲಿ ಎರಡು ಸಲವಾಗಿ ಕಟ್ಟಿದರು. ಬೇಬಾಕಿ ಪತ್ರ ಬಂತು. ಒಂದು ತಿಂಗಳು ಬಿಟ್ಟು ವರದಿ ತೆಗೆಸಿದಾಗ ಆ ಪದ ಬದಲಾಗಿತ್ತು. ಅಂಕ ಒಂದೇ ಸಲಕ್ಕೆ ಹಾರಲಿಲ್ಲ, ಹಾರುವುದೂ ಇಲ್ಲ. ಗುಂಪಿನ ಕಂತು ತಪ್ಪದೆ ಹೋಗುತ್ತಿದೆ, ಮೆಲ್ಲಗೆ ಏರುತ್ತಿದೆ. ಅರ್ಜಿ ಮತ್ತೆ ಹಾಕಿದ್ದಾರೆ, ಇನ್ನೂ ಬ್ಯಾಂಕಿನಲ್ಲಿದೆ.

ಓಟಿಎಸ್ ಬೇಡವೇ ಬೇಡ ಅಂತ ನಾವು ಹೇಳುತ್ತಿಲ್ಲ. ಉಸಿರು ಕಟ್ಟಿದಾಗ ಅದೇ ದಾರಿ ಇರಬಹುದು. ಆದರೆ ಮುಂದೆ ಸಾಲ ಬೇಕಾಗುವ ಮನೆಯಾದರೆ ಆ ಉಳಿತಾಯದ ಬೆಲೆ ಏನು ಅಂತ ಕೇಳಿ ಸಹಿ ಹಾಕಿ.

ಜಾಮೀನಿನ ವಿಷಯದಲ್ಲಿ ಪಾಠ ಕಲಿತದ್ದು ನಮ್ಮ ಸ್ವಂತ ಖರ್ಚಿನಲ್ಲೇ. ನಮ್ಮ ಷಡ್ಡಕ ಟ್ರ್ಯಾಕ್ಟರ್ ತೆಗೆಯುವಾಗ, "ಬರೀ ಒಂದು ಸಹಿ ಭಾವ" ಅಂದರು. ಹಬ್ಬದ ಊಟ ಆಗಿತ್ತು, ಹಾಕಿದೆವು. 1872ರ ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ ಎಂಬುದನ್ನು ಸಂಘದ ಸದಸ್ಯರಿಗೆ ಎಷ್ಟು ಸಲ ಹೇಳಿದ್ದೆವೋ! ಷಡ್ಡಕ ಕಂತು ತಪ್ಪಿಸಿದರು. ಅವರ ವರದಿಯಲ್ಲಷ್ಟೇ ಅಲ್ಲ, ಜಾಮೀನುದಾರ ಎಂಬ ಹೆಸರಿನಡಿ ನಮ್ಮ ವರದಿಯಲ್ಲೂ ಬಂತು. ಮಗ ಮನೆ ಕಟ್ಟಲು ಸಾಲಕ್ಕೆ ಹೋದಾಗ, ಅಪ್ಪನ ಹೆಸರು ಜೊತೆಗೆ ಬೇಡ ಸಾರ್ ಅಂದರಂತೆ. ಸಂಬಂಧ ಕೆಡಲಿಲ್ಲ, ಈಗಲೂ ಹಬ್ಬಕ್ಕೆ ಬರುತ್ತಾರೆ. ಆದರೆ ಪೆನ್ನು ಕೇಳಿದರೆ ನಾವು ಒಳಗೆ ಹೋಗುತ್ತೇವೆ.

ತಾಯಂದಿರೇ, ಇದೇ ಜಾತಿಯದು ಇನ್ನೊಂದು. "ನಿನ್ನ ಹೆಸರಲ್ಲಿ ಎತ್ತಿಕೊಡಕ್ಕ, ಕಂತು ನಾನು ಕಟ್ತೀನಿ" ಅನ್ನುವುದು. ನಾದಿನಿಗೆ, ಪಕ್ಕದ ಮನೆಯವರಿಗೆ ಅಂತ ಮೈಕ್ರೋಫೈನಾನ್ಸಿನಲ್ಲಿ ಎತ್ತಿಕೊಟ್ಟ ಸಾಲ ಪುಸ್ತಕದಲ್ಲಿ ನಿಮ್ಮದೇ. 2022ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಸಾಲ ಕೊಡುವಾಗ ಮನೆಯ ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ವರಮಾನದ ಅರ್ಧ ದಾಟಬಾರದು. ಇನ್ನೊಬ್ಬರ ಸಾಲ ನಿಮ್ಮ ಅರ್ಧವನ್ನು ತಿಂದುಬಿಟ್ಟರೆ ನಿಮ್ಮ ಮಗಳ ಫೀಸಿಗೆ ಏನು ಉಳಿಯಿತು?

ಯುವಕರಿಗೆ ಎರಡು ಮೂರು ಮಾತು, ಬೇಗ ಮುಗಿಸುತ್ತೇವೆ. ಫೋನಿನಲ್ಲಿ ಒತ್ತಿದರೆ ಸಾಲ ಅಂತ ನಾಲ್ಕು ಆ್ಯಪಿಗೆ ಒಂದೇ ವಾರ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಗೂ ಅವರು ನಿಮ್ಮ ವರದಿ ತೆಗೆದು ನೋಡುತ್ತಾರೆ, ನೋಡಿದ್ದೂ ಬರೆದಿರುತ್ತದೆ, ಇವನಿಗೆ ದುಡ್ಡಿನ ಬಹಳ ಬರ ಬಂದಿದೆ ಅಂತ ಅರ್ಥವಾಗುತ್ತದೆ. ಟ್ರ್ಯಾಕ್ಟರಿಗೆ ಐದು ಕಡೆ ಕೇಳಿದರೂ ಅದೇ ಕಥೆ. ನಿಮ್ಮ ವರದಿಯನ್ನು ನೀವೇ ನೋಡಿದರೆ ಅಂಕ ಇಳಿಯುವುದಿಲ್ಲ, ಆ ಭಯ ಬೇಡ. ಕ್ರೆಡಿಟ್ ಕಾರ್ಡ್ ಇದ್ದವರು 50,000 ಮಿತಿಯಿದ್ದರೆ ತಿಂಗಳು ತಿಂಗಳು 48,000 ಬಳಸಬೇಡಿ. ಪೂರ್ತಿ ಕಟ್ಟುತ್ತಿದ್ದರೂ ಅಂಚಿನಲ್ಲಿ ನಡೆಯುವವನ ಹಾಗೆ ಕಾಣುತ್ತದೆ. ಮೂರನೇ ಒಂದು ಪಾಲಿನೊಳಗೆ ಇಟ್ಟುಕೊಂಡರೆ ವಾಸಿ. ಬಳಸದೇ ಬಿಟ್ಟ ಕಾರ್ಡಿನ ವಾರ್ಷಿಕ ಶುಲ್ಕ ನಾಲ್ಕುನೂರು ರೂಪಾಯಿ ಕಟ್ಟದೆ ಅಂಕ ಕಳೆದುಕೊಂಡ ಮಾಸ್ತರರೊಬ್ಬರು ನಮಗೆ ಗೊತ್ತು. ಸಾಲವನ್ನೇ ಮಾಡದವರಿಗೆ ಅಂಕವೇ ಇರುವುದಿಲ್ಲ. ಮೊದಲ ಸಲ ಸಾಲ ಕೇಳುವವರನ್ನು, ಹಿಂದಿನ ಲೆಕ್ಕ ಇಲ್ಲ ಎಂಬ ಒಂದೇ ಕಾರಣಕ್ಕೆ ತಿರುಗಿಸಿ ಕಳಿಸಬಾರದು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. 2025ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಸರ್ಕಾರವೇ ಇದನ್ನು ಹೇಳಿದೆ. ಕೌಂಟರಿನಲ್ಲಿ ನೆನಪಿಸಿ. ಇನ್ನೊಂದು, ನಮ್ಮಂಥ ಪ್ರಾಥಮಿಕ ಸಂಘದ ಲೆಡ್ಜರಿನಲ್ಲಿರುವುದೆಲ್ಲ ಸಿಬಿಲ್‌ಗೆ ಹೋಗಿ ಸೇರುತ್ತದೆ ಎಂದೇನೂ ಇಲ್ಲ. ಇಲ್ಲಿ ನಿಯತ್ತಾಗಿ ಕಟ್ಟುತ್ತಿದ್ದೇನೆ, ಅಲ್ಲೂ ಗೊತ್ತಿರುತ್ತದೆ ಅಂತ ತಿಳಿಯಬೇಡಿ.

ಇನ್ನು ತಪ್ಪು ನಿಮ್ಮದಲ್ಲದೆ ಅಂಕ ಬಿದ್ದರೆ? ಇದೂ ಉಂಟು. ನಮ್ಮೂರಲ್ಲಿ ಒಂದೇ ಹೆಸರು, ಒಂದೇ ತಂದೆ ಹೆಸರು ಇರುವವರು ಎಷ್ಟು ಜನ ಹೇಳಿ. ಹಬ್ಬಕ್ಕೆ ಆಹ್ವಾನಪತ್ರ ಹಂಚುವಾಗಲೇ ಗೊಂದಲವಾಗುತ್ತದೆ, ಕಂಪ್ಯೂಟರಿಗೆ ಆಗದೇ ಇರುತ್ತದೆಯೇ? ಒಬ್ಬರ ಸಾಲ ಇನ್ನೊಬ್ಬರ ವರದಿಗೆ ಅಂಟಿಕೊಂಡದ್ದು, ತೀರಿದ ಸಾಲ ಇನ್ನೂ ಬಾಕಿ ಅಂತ ಕಾಣುವುದು ನಡೆಯುತ್ತದೆ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಕೊಡಬೇಕು. ತಪ್ಪಿದ್ದರೆ ಆ ಕಂಪನಿಗೂ ಸಾಲ ಕೊಟ್ಟವರಿಗೂ ದೂರು ಬರೆಯಿರಿ, ರಸೀತಿ, ಬೇಬಾಕಿ ಪತ್ರದ ಜೆರಾಕ್ಸ್ ಲಗತ್ತಿಸಿ. 30 ದಿನದಲ್ಲಿ ಬಗೆಹರಿಯದಿದ್ದರೆ ಆಮೇಲಿನ ದಿನವೊಂದಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. 2024ರ ಏಪ್ರಿಲ್‌ನಿಂದ ಈ ನಿಯಮ ಇದೆ. ಅದಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ದೂರಿಗೆ ಶುಲ್ಕವಿಲ್ಲ. ವಿಚಾರಿಸಲು 14448ಕ್ಕೆ ಫೋನು ಮಾಡಬಹುದು. 2025ರ ಜನವರಿಯಿಂದ ಸಾಲ ಕೊಟ್ಟವರು ಹದಿನೈದು ದಿನಕ್ಕೊಮ್ಮೆಯಾದರೂ ಹೊಸ ಲೆಕ್ಕ ಕಳಿಸಬೇಕೆಂದು ಮಾಡಿದ್ದಾರೆ. ಹಿಂದೆ ತಿಂಗಳುಗಟ್ಟಲೆ ಕಾಯಬೇಕಿತ್ತು.

ತಾಲ್ಲೂಕು ಕಚೇರಿ ಆಜುಬಾಜು, ಐದು ಸಾವಿರ ಕೊಡಿ, ಸಿಬಿಲ್ ಕ್ಲಿಯರ್ ಮಾಡಿಸಿಕೊಡುತ್ತೇವೆ ಅನ್ನುವವರು ಓಡಾಡುತ್ತಿದ್ದಾರೆ. ನಿಜವಾದ ಸುಸ್ತಿಯನ್ನು ಅಳಿಸುವ ರಬ್ಬರ್ ಅವರ ಹತ್ತಿರ ಇಲ್ಲ, ತಪ್ಪು ಬರಹವನ್ನು ತಿದ್ದಿಸಲು ನಿಮ್ಮ ಅರ್ಜಿಯೇ ಸಾಕು. ಆಧಾರ್, ಪ್ಯಾನ್, ಓಟಿಪಿ ಮೂರನ್ನೂ ಅವರ ಕೈಗಿಟ್ಟು, ನಿಮ್ಮ ಹೆಸರಲ್ಲೇ ಹೊಸ ಸಾಲ ಹುಟ್ಟಿದರೆ ಆಗ ನಮ್ಮ ಜಗಲಿಗೆ ಬಂದು ಅಳಬೇಡಿ. ಬಂದರೂ ಕಾಫಿ ಕೊಡುತ್ತೇವೆ, ಬೇರೇನೂ ಕೊಡಲಾಗುವುದಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಊಟ ಆದ ಮೇಲೆ ಸಂಘದ ಕಂಪ್ಯೂಟರಿನ ಮುಂದೆ ನಮ್ಮ ಮೊಮ್ಮಗಳು ಕೂರುತ್ತಾಳೆ, ಬಂದವರಿಗೆ ವರದಿ ತೆಗೆದುಕೊಡುತ್ತಾಳೆ. ಪ್ಯಾನ್ ಕಾರ್ಡ್ ಮತ್ತು ಅದಕ್ಕೆ ಜೋಡಿಸಿರುವ ಫೋನು ತನ್ನಿ, ಬೇರೆಯವರ ಫೋನು ತರಬೇಡಿ. ಓಟಿಪಿ ನೀವೇ ಒತ್ತಿ, ಅವಳಿಗೂ ಹೇಳಬೇಡಿ. ಅಂಕ ನೋಡಿ ಸುಮ್ಮನೆ ಎದ್ದುಹೋಗದೆ, ಕೆಳಗಿನ ಸಾಲದ ಪಟ್ಟಿಯಲ್ಲಿ 'ಸೆಟಲ್ಡ್' ಎಂಬ ಪದ ಯಾರಿಗಾದರೂ ಕಂಡರೆ ಅಲ್ಲೇ ಪಕ್ಕದ ಬೆಂಚಿನಲ್ಲಿ ನಾವು ಕೂತಿರುತ್ತೇವೆ, ಕಾಗದ ಪೆನ್ನು ಇಟ್ಟುಕೊಂಡು. ಅರ್ಜಿ ನಾವೇ ಬರೆದುಕೊಡುತ್ತೇವೆ.